ನಾಲ್ಕು ಕೆಲಸ ಬಿಟ್ಟ ಕಾರಣ

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಗು. ಶುಕ್ರವಾರ. ಪಟ್ಟಂದೂರು ಅಗ್ರಹಾರದ ಆ ಬಾಡಿಗೆ ಮನೆಯಲ್ಲಿ ಏಳಕ್ಕೆ ಸರಿಯಾಗಿ ನಲ್ಲಿಗೆ ನೀರು ಬಂತು. ಹೇಮಲತಾ ಎದ್ದು ಡ್ರಮ್ಮು ತುಂಬಿಸಿದಳು. ಮೂರು ದಿನದಿಂದ ಯಾರೋ ತುಂಬಿಸುತ್ತಿದ್ದರು. ಈಗ ಉಳಿದವರು ಅತ್ತೆ ಮಹಾಂತಮ್ಮ ಒಬ್ಬರೇ. ಒಳಗೆ ಚಾಪೆಯ ಮೇಲೆ ಕುಳಿತು ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

ಸೋಮವಾರ ಅವಳ ಗಂಡ ಈರೇಶ್ ಕಂಪನಿಯ ಕ್ಯಾಬ್‌ನಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡಿದ್ದ. ಮೂವತ್ತಮೂರು ವರ್ಷ. ಮಂಗಳವಾರ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಗುರುವಾರ ಮೂರನೆಯ ದಿನದ ಪೂಜೆಯೂ ಮುಗಿಯಿತು.

ಈ ದಿನ ಹನ್ನೊಂದಕ್ಕೆ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ, ಹೇಮಲತಾಳ ಎಂಬಿಎ ಸಂದರ್ಶನ. ಕೆಲಸ ಮಾಡುತ್ತಲೇ ವಾರಾಂತ್ಯದಲ್ಲಿ ಓದುವ ಕೋರ್ಸು. ಹೋದ ವರ್ಷ ಇದೇ ಕಾಲೇಜು ಅವಳನ್ನು ಬೇಡವೆಂದಿತ್ತು. ನಾಲ್ಕು ಕೆಲಸ ಬಿಟ್ಟವಳು ಕೋರ್ಸನ್ನೂ ನಡುವೆ ಬಿಟ್ಟಾಳು ಎಂಬುದು ಅವರ ಅಂಬೋಣ. ಈ ಸಲವೂ ಸೀಟು ತಪ್ಪಿದರೆ ಅವಳಿಗೆ ಬೆಂಗಳೂರಿನಲ್ಲಿ ಉಳಿಯಲು ತವರಿನವರು ಒಪ್ಪುವ ನೆಪವೇ ಇರಲಿಲ್ಲ; ಕೆಲಸ ಊರಲ್ಲೂ ಸಿಗುತ್ತದೆ ಎಂಬುದು ಅವರ ಮಾತು. "ಬರೋ ವಾರದ ಐತವಾರ ಟೆಂಪೋ ತರ್ತೀನಿ, ಸಾಮಾನ ಕಟ್ಟಿಟ್ಟಿರು" ಎಂದು ಅಣ್ಣ ರುದ್ರೇಶ್ ಬಸ್ಸು ಹತ್ತುವಾಗಲೇ ಹೇಳಿ ಹೋಗಿದ್ದ.

ಕೆಳಗಿನ ಮನೆಯ ಓನರ್ ವನಜಕ್ಕ ಉಪ್ಪಿಟ್ಟು ತಂದವರು ಸಂದರ್ಶನದ ಸುದ್ದಿ ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು.

"ಇವತ್ತಾ? ಇಂಗಾ ಮಾಡೋದು? ಅನ್ನೊಂದು ದಿನ ಆದ್ರೂ ಕಳೀಲಿ. ನೋಡ್ದೋರು ಏನಂದಾರು?"

"ನಮ್ಮಾಗ ಸೂತಕ ಇಲ್ಲ ತಂಗಿ, ಲಿಂಗ ಕಟ್ಟಿದವರಿಗೆ" ಎಂದರು ಮಹಾಂತಮ್ಮ. "ನೋಡಿದವರು ಏನರ ಅಂತಾರ, ಉಪ್ಪಿಟ್ಟು ತಿಂದು ಮರೀತಾರ." ಸೊಸೆಯತ್ತ ತಿರುಗಿದರು. "ಮಾರಿ ತೊಳ್ಕೊಂಡು ಕುಂದ್ರು ಹೋಗವಾ. ಅಂವ ಇದ್ದಿದ್ರ ಕುಂದ್ರಸ್ತಿದ್ದ." ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಲ್ಯಾಪ್‌ಟಾಪಿನ ಹಿಂದೆ, ಕಣ್ಣಿಗೆ ನೇರವಾಗಿ, ಈರೇಶ್ ಒರಗಿಸಿಟ್ಟಿದ್ದ ಬಿಳಿ ಬೋರ್ಡು ಹಾಗೇ ಇತ್ತು. ವನಜಕ್ಕನ ಟ್ಯೂಷನ್ ಮಕ್ಕಳ ಬೋರ್ಡು. ಎರಡು ದಿನಕ್ಕೆಂದು ಕೇಳಿ ತಂದಿದ್ದ. ಅದರ ಮೇಲೆ ಅವನ ಕೈಬರಹದಲ್ಲಿ ನಾಲ್ಕು ಸಾಲು, ಒಂದೊಂದು ಕೆಲಸ ಬಿಟ್ಟದ್ದಕ್ಕೆ ಒಂದೊಂದು ಕಾರಣ. ಪೀಣ್ಯದ ವಾಲ್ವ್ ಕಾರ್ಖಾನೆ: ದೊಡ್ಡ ವ್ಯವಸ್ಥೆ ಕಲಿಯಲು. ಎಲೆಕ್ಟ್ರಾನಿಕ್ ಸಿಟಿ: ಹೊಸ ಜವಾಬ್ದಾರಿಗೆ. ಹೀಗೆ.

"ಬಿಟ್ಟೆ ಅನಬ್ಯಾಡ. ಮುಂದ ಹೋದೆ ಅನ್ನು" ಎಂದು ಹೇಳಿಕೊಟ್ಟಿದ್ದ.

"ಮುಂದ ಎಲ್ಲಿ? ನಿನ್ನ ಹಿಂದ ಹೋದೆ."

"ಅದನ್ನ ಮಾತ್ರ ಹೇಳಬ್ಯಾಡ ಮಾರಾಯ್ತಿ. ಗಂಡನ ಬಾಲ ಅಂದುಕೊಂಡಾರು."

ನಿಜ ಅದೇ ಆಗಿತ್ತು. ಅವನ ಕಂಪನಿ ಬದಲಾದಾಗಲೆಲ್ಲ ಮನೆ ಬದಲಾಗುತ್ತಿತ್ತು. ಪೀಣ್ಯದಿಂದ ಊರಿನ ಆ ತುದಿಗೆ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು. ಅವಳು ರಾಜೀನಾಮೆ ಕೊಡುತ್ತಿದ್ದಳು, ಹೊಸ ಮನೆಯ ಹತ್ತಿರ ಇನ್ನೊಂದು ಹುಡುಕಿಕೊಳ್ಳುತ್ತಿದ್ದಳು.

ಹನ್ನೊಂದಕ್ಕೆ ತೆರೆಯ ಮೇಲೆ ಇಬ್ಬರು ಬಂದರು. ನರೆಗೂದಲಿನ ಪ್ರೊಫೆಸರು, ಪಕ್ಕದಲ್ಲಿ ಒಬ್ಬ ಮೇಡಂ. ಮೊದಲ ಪ್ರಶ್ನೆಯೇ ಅದು.

"ಆರು ವರ್ಷಕ್ಕೆ ಇದು ಐದನೇ ಕೆಲಸ. ಯಾಕೆ ಹೇಮಲತಾ?"

ಅವಳು ಬೋರ್ಡು ನೋಡಿದಳು. ಮೊದಲ ಸಾಲು ಒಪ್ಪಿಸಿದಳು. ಎರಡನೆಯದರ ಅರ್ಧಕ್ಕೆ ಬಂದಾಗ ಅವನು ಬರೆಯುವ 'ಹ' ಕಣ್ಣಿಗೆ ಬಿತ್ತು. ಬಾಲ ಉದ್ದ ಎಳೆದ 'ಹ'. ಮಾತು ಅಲ್ಲಿಗೇ ನಿಂತಿತು.

"ಇದೆಲ್ಲ ಬಾಯಿಪಾಠ ಸರ್" ಎಂದಳು. "ನನ್ನ ಗಂಡನ ಕೆಲಸ ಬದಲಾಗ್ತಿತ್ತು. ಅವರು ಹೋದಲ್ಲಿ ನಾನೂ ಹೋದೆ."

ಪ್ರೊಫೆಸರು ಕನ್ನಡಕ ತೆಗೆದರು. "ನಾಳೆ ಅವರು ಪುಣೆಗೆ ಹೊರಟರೆ? ನಮ್ಮ ಸೀಟು ಖಾಲಿ ಬಿಟ್ಟು ಹೋಗ್ತೀರಾ?"

"ಇಲ್ಲ ಸರ್. ಸೋಮವಾರ ಅವರು ತೀರಿಕೊಂಡರು."

ಬೇರೆ ದಿನ ಇಟ್ಟುಕೊಳ್ಳೋಣವೇ ಎಂದು ಮೇಡಂ ಮೆಲ್ಲಗೆ ಕೇಳಿದರು. ಬೇಡವೆಂದಳು. ಆಮೇಲೆ ಅವರು ಅವಳ ಈಗಿನ ಕೆಲಸದ ಬಗ್ಗೆ ಕೇಳಿದರು, ಅವಳು ಹೇಳಿದಳು. ಕೆಲಸ ಬಿಟ್ಟ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮುಂದಿನ ಬುಧವಾರ ಮೇಲ್ ಬಂತು. ಸೀಟು ಸಿಕ್ಕಿತ್ತು.

ಅವಳು ಅದನ್ನು ಎರಡು ಸಲ ಓದಿದಳು. ಹೋದ ವರ್ಷದ ಅರ್ಜಿಗೂ ಇದಕ್ಕೂ ಒಂದಕ್ಷರವೂ ಬದಲಾಗಿರಲಿಲ್ಲ; ಬಿಟ್ಟ ಕೆಲಸ ನಾಲ್ಕೂ ಅಲ್ಲೇ ಇದ್ದವು. ಎಲ್ಲಿಗಾದರೂ ಅವಳನ್ನು ಕರೆದೊಯ್ಯುವವನು ಮಾತ್ರ ಇರಲಿಲ್ಲ. ಕಾಲೇಜಿಗೆ ಬೇಕಾಗಿದ್ದದ್ದು ಅಷ್ಟೇ ಇರಬೇಕು.

ಅತ್ತೆಗೆ ಹೇಳಿದಳು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಚಲೋ ಆತು" ಎಂದರು. ಅಣ್ಣನಿಗೆ ಫೋನು ಮಾಡಿ ಟೆಂಪೋ ಬೇಡವೆಂದಳು. ಒಬ್ಬಳೇ ಹೇಗಿರ್ತೀಯ ಎಂದು ಅವನು ರೇಗಿದ. ಗೊತ್ತಿಲ್ಲ ಎಂದಳು.

ನಾಲ್ಕಕ್ಕೆ ಟ್ಯೂಷನ್ನು. ಅದಕ್ಕೆ ಮೊದಲೇ ಬೋರ್ಡನ್ನು ಎತ್ತಿಕೊಂಡು ಕೆಳಗಿಳಿದಳು. ವನಜಕ್ಕ ಬರಹ ನೋಡಿ ಕೈ ಹಿಂದೆಳೆದುಕೊಂಡರು.

"ಅಯ್ಯೋ, ಈರೇಶಪ್ಪ ಬರ್ದಿದ್ದು! ನಿನ್ ಅತ್ರಾನೇ ಇರ್ಲಿ ಬುಡವ್ವಾ. ನಾನು ಬೇರೆ ತಗೊತೀನಿ."

"ಬೇಡ ಅಕ್ಕ. ಎರಡೇ ದಿನ ಅಂತ ಕೇಳಿ ತಂದಿದ್ದರು."

ಶಾಯಿ ಒಣಗಿ ಕೂತುಬಿಟ್ಟಿತ್ತು; ಡಸ್ಟರಿಗೆ ಜಗ್ಗಲಿಲ್ಲ. ವನಜಕ್ಕ ಒದ್ದೆ ಬಟ್ಟೆ ತಂದುಕೊಟ್ಟು ಅಡುಗೆಮನೆಗೆ ಹೋದರು. ಹೇಮಲತಾ ಕೆಳಗಿನ ಸಾಲಿನಿಂದ ಶುರುಮಾಡಿ ಮೇಲಕ್ಕೆ ಒರೆಸುತ್ತ ಬಂದಳು. ಪೀಣ್ಯದ ಸಾಲಿನ ಹತ್ತಿರ ಕೈ ಸ್ವಲ್ಪ ತಡೆಯಿತು. ಅದನ್ನೂ ಒರೆಸಿದಳು. ಬೋರ್ಡು ಆರುವವರೆಗೆ ನಿಂತಿದ್ದು, ಗೋಡೆಯ ಮೊಳೆಗೆ ತೂಗುಹಾಕಿದಳು.