ಕಾಡವ್ವನ ಮಕ್ಕಳು

ವಾದಕ್ಕೆ ಕುಳಿತರೆ ನಾನು ಸೋಲುವವನಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಜಂಬ ಕೊಚ್ಚುವ ಮುಖ ಈಗ ನನಗೆ ಉಳಿದಿಲ್ಲ. ನೇಸರಗಿಯ ಪ್ರಾಟೆಸ್ಟಂಟ್ ಸಭೆಯಲ್ಲಿ ಹದಿನಾರು ವರ್ಷ ಉಪದೇಶಿಯಾಗಿದ್ದೆ. ಪಾದ್ರಿ ಸಾಹೇಬರು ತಿಂಗಳಿಗೊಂದು ಭಾನುವಾರ ಬರುವವರು, ಉಳಿದ ಭಾನುವಾರಗಳ ಬೋಧನೆಯೆಲ್ಲ ನನ್ನದೇ. ಮಾತಿನಿಂದ ಹೊಟ್ಟೆ ಹೊರೆಯುವವನ ನಾಲಗೆ ಹರಿತವಾಗಿರದೆ ಇನ್ನೇನು?

ನನ್ನ ಅಣ್ಣ ಯಮನಪ್ಪ ಬೈಲಹೊಂಗಲದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದ. ಕ್ರೈಸ್ತರಾದ ಮೇಲೂ ನಮ್ಮ ಕೇರಿಯಲ್ಲಿ ಹಳೆಯ ಹೆಸರುಗಳನ್ನು ಯಾರೂ ಬಿಟ್ಟಿರಲಿಲ್ಲ. ಅವನು ಯಮನಪ್ಪ, ನಾನು ಮಾಳಪ್ಪ, ನಮ್ಮವ್ವ ಕಾಡವ್ವ. ಅಣ್ಣನ ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ಕೂಸಿನ ಸಂಗಡ ಹೋದಳು, ಅವನು ಮತ್ತೆ ಮದುವೆಯಾಗಲಿಲ್ಲ. ಅವ್ವ ಅವನ ಹತ್ತಿರವೇ ಇದ್ದಳು. ನನ್ನ ಮನೆಗೆ ಎರಡು ಸಲ ಬಂದು, ಎರಡೂ ಸಲ ನನ್ನ ಹೆಂಡತಿ ಬಾಯವ್ವನ ಕೂಡ ಜಗಳಾಡಿ ವಾರದೊಳಗೆ ತಿರುಗಿ ಹೋಗಿದ್ದಳು. ತಪ್ಪು ಯಾರದೆಂದು ನಾನು ಕೇಳಲಿಲ್ಲ. ಅವ್ವ ಅಣ್ಣನ ಕಡೆ ಇರುವುದು ನನಗೆ ಅನುಕೂಲವೇ ಆಗಿತ್ತು.

ಅಣ್ಣನ ಜೊತೆ ಜಿನ್ನಿನಲ್ಲಿ ದುಡಿಯುತ್ತಿದ್ದ ಇನ್ನಾಸಪ್ಪ ಕಥೋಲಿಕ, ಕಿತ್ತೂರ ಹತ್ತಿರದ ಹಳ್ಳಿಯವನು. ಹತ್ತಿಯ ಸುಗ್ಗಿ ಬಂತೆಂದರೆ ನಾಲ್ಕು ತಿಂಗಳು ಅವನ ಹಾಸಿಗೆ ಅಣ್ಣನ ಮನೆಯ ಪಡಸಾಲೆಯಲ್ಲೇ. ಮಾತು ಕಡಿಮೆ, ಕೊರಳಲ್ಲಿ ಜಪಸರ. ನಾನು ಹದಿನೈದು ದಿನಕ್ಕೊಮ್ಮೆ ಶನಿವಾರ ಬೈಲಹೊಂಗಲಕ್ಕೆ ಹೋದಾಗ ಅವನನ್ನು ಕೆಣಕದೆ ಬರುತ್ತಿರಲಿಲ್ಲ. ಅವನು ಸುಮ್ಮನೆ ನಗುತ್ತಿದ್ದ, ಅದು ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು.

೧೯೭೩ರ ಸುಗ್ಗಿಯಲ್ಲಿ ಒಂದು ಶನಿವಾರ ಅಣ್ಣನ ಮನೆಯ ಕಟ್ಟೆಯ ಮೇಲೆ, ಓಣಿಯ ಜನರೆದುರು, ವಾದ ಕಾವೇರಿತು. ಯೇಸುಸ್ವಾಮಿ ಹುಟ್ಟುವಾಗ ಮರಿಯಮ್ಮ ಕನ್ಯೆ ಎಂಬುದರಲ್ಲಿ ಅವರಿಗೂ ನಮಗೂ ಜಗಳವಿಲ್ಲ. ಆಮೇಲಿನದೇ ತಕರಾರು. ಆಕೆ ಕೊನೆಯ ತನಕ ಕನ್ಯೆಯಾಗಿಯೇ ಉಳಿದಳು, ಯೇಸು ಒಬ್ಬನೇ ಮಗ ಅನ್ನುವುದು ಕಥೋಲಿಕರ ನಂಬಿಕೆ. ಆಕೆ ಗಂಡನ ಜೊತೆ ಎಲ್ಲರಂತೆ ಸಂಸಾರ ಮಾಡಿದಳು, ಮಕ್ಕಳನ್ನು ಹೆತ್ತಳು ಅನ್ನುವುದು ನಾನು ಕಲಿತದ್ದು. ಸುವಾರ್ತೆಯಲ್ಲಿ ಯೇಸುವಿನ ತಮ್ಮಂದಿರ ಹೆಸರುಗಳೇ ಇವೆ. ಯಾಕೋಬ, ಯೋಸೆ, ಸೀಮೋನ, ಯೂದ ಎಂದು ನಾಲ್ಕು ಬೆರಳು ಮಡಚಿ ಇನ್ನಾಸಪ್ಪನ ಮೂಗಿನ ಮುಂದೆ ಹಿಡಿದೆ. ಅವರು ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಿರಬೇಕು, ನಮ್ಮಲ್ಲೂ ಕಾಕಾನ ಮಗ ತಮ್ಮನೇ ಅಲ್ಲವೇ ಎಂದು ಅವನು ಮೆಲ್ಲಗೆ ಹೇಳಿದ. ಆಮೇಲೆ ಒಂದು ಪ್ರಶ್ನೆ ಕೇಳಿದ.

‘ಉಪದೇಶಿಗಳ, ಸ್ವಂತ ತಮ್ಮಂದಿರು ಇದ್ರ ಸ್ವಾಮಿ ಶಿಲುಬಿ ಮ್ಯಾಲಿಂದ ತಾಯೀನ ಶಿಷ್ಯಾಗ ಯಾಕ ಒಪ್ಪಿಸಿದಾ?’

ಇದಕ್ಕೆ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ‘ತಮ್ಮಂದಿರು ಅವನ್ನ ನಂಬಲಿಲ್ಲ. ಇದ್ದೂ ಇಲ್ಲದಂಗ ಇದ್ರು. ಅಂಥವರ ಕೈಯಾಗ ಯಾವ ಮಗ ತಾಯೀನ ಕೊಟ್ಟಾನು?’

ಕಟ್ಟೆಯ ಮೇಲಿದ್ದವರೆಲ್ಲ ತಲೆದೂಗಿದರು. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು, ಮೊರ ಕೆಳಗಿಟ್ಟು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಗೆದ್ದ ಮಗನನ್ನು ನೋಡುತ್ತಿದ್ದಾಳೆ ಎಂದುಕೊಂಡೆ, ದಡ್ಡ ನಾನು.

ಈ ಗೆಲುವನ್ನು ಪಾದ್ರಿ ಸಾಹೇಬರ ಮುಂದೆ ಹೇಳಿಕೊಂಡರೆ ಅವರು ಕನ್ನಡಕ ಒರೆಸುತ್ತ ಬೇರೆಯೇ ಹೇಳಿದರು. ನಮ್ಮ ಪ್ರಾಟೆಸ್ಟಂಟ್ ಪಂಥವನ್ನು ಕಟ್ಟಿದ ಮೊದಲಿನವರೇ ಮರಿಯಮ್ಮ ಕಡೆತನಕ ಕನ್ಯೆಯಾಗಿದ್ದಳೆಂದು ಬರೆದಿದ್ದಾರಂತೆ. ಯಾವುದನ್ನು ನಂಬಿದರೂ ಯಾರ ರಕ್ಷಣೆಯೂ ತಪ್ಪುವುದಿಲ್ಲ, ಬಡವರ ಬಾಗಿಲಲ್ಲಿ ಇದನ್ನೇಕೆ ಹೊಡೆದಾಡುತ್ತೀರಿ ಅಂದರು. ನಾನು ಹೂಂಗುಟ್ಟಿದೆ. ಇನ್ನಾಸಪ್ಪನಿಗೆ ಮಾತ್ರ ಆ ಸುದ್ದಿ ಮುಟ್ಟಿಸಲಿಲ್ಲ. ಗೆದ್ದದ್ದನ್ನು ಯಾರಾದರೂ ತಿರುಗಿ ಕೊಡುತ್ತಾರೆಯೇ?

ಮರುವರ್ಷ ಅಣ್ಣನಿಗೆ ಕೆಮ್ಮು ಹತ್ತಿತು. ಇಪ್ಪತ್ತು ವರ್ಷ ಹತ್ತಿಯ ಧೂಳು ಕುಡಿದ ಎದೆ ಅದು. ಬೆಳಗಾವಿಯ ದವಾಖಾನೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು ಮನೆಗೆ ಕರೆದೊಯ್ಯಿರಿ ಅಂದರು. ಅಲ್ಲಿ ಕೇರಳದ ನರ್ಸಬಾಯಿ ಒಬ್ಬಳಿದ್ದಳು, ಸಿರಿಯನ್ ಕ್ರೈಸ್ತಳು. ಆ ಸ್ಥಿತಿಯಲ್ಲೂ ನಾನು ಆಕೆಯನ್ನು ಯೇಸುವಿನ ತಮ್ಮಂದಿರು ಯಾರೆಂಬ ಪ್ರಶ್ನೆಯನ್ನೇ ಕೇಳಿದೆ ನೋಡಿ. ಆ ನಾಲ್ವರು ಯೋಸೇಫನ ಮೊದಲ ಹೆಂಡತಿಯ ಮಕ್ಕಳು, ನಮ್ಮ ಕಡೆ ಎಲ್ಲರಿಗೂ ಗೊತ್ತು ಎಂದು ಆಕೆ ಅರೆಬರೆ ಕನ್ನಡದಲ್ಲಿ ಹೇಳಿ ಅಣ್ಣನ ಹಾಸಿಗೆ ಬದಲಿಸತೊಡಗಿದಳು. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ತಮ್ಮ ಬಂದದ್ದು ತನ್ನನ್ನು ನೋಡಲಿಕ್ಕೋ ಶಾಸ್ತ್ರ ಕೇಳಲಿಕ್ಕೋ ಎಂದು ಅವನಿಗೆ ಅನ್ನಿಸಿರಬೇಕು.

ಮನೆಗೆ ತಂದ ಮೇಲೆ ಅವನನ್ನು ನೋಡಿಕೊಂಡವನು ಇನ್ನಾಸಪ್ಪ. ಸುಗ್ಗಿ ಮುಗಿದರೂ ಊರಿಗೆ ಹೋಗಲಿಲ್ಲ. ಎತ್ತಿ ಕೂರಿಸುವುದು, ಕಫದ ಬಟ್ಟಲು ತೊಳೆಯುವುದು, ಮೈ ಒರೆಸುವುದು ಎಲ್ಲ ಅವನೇ. ನಾನು ಮೊದಲಿನ ಹಾಗೆ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ, ಓಣಿಗೆಲ್ಲ ಕೇಳುವಂತೆ ಪ್ರಾರ್ಥನೆ ಮಾಡುತ್ತಿದ್ದೆ, ಸಂಜೆ ಬಸ್ಸಿಗೆ ತಿರುಗಿ ಬರುತ್ತಿದ್ದೆ.

ಒಂದು ಶನಿವಾರ ಹೋದಾಗ ಅಣ್ಣನ ತಲೆಯ ಹತ್ತಿರದ ಗೂಡಿನಲ್ಲಿ ಒಂದು ಪಟ ಕಂಡಿತು. ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ಮರಿಯಮ್ಮ. ಇನ್ನಾಸಪ್ಪ ಕೊಟ್ಟದ್ದು. ಮುಂದೆ ಒಂದು ಎಣ್ಣೆಯ ಹಣತೆ. ಅವ್ವ ಕೈಮುಗಿದು ಕೂತಿದ್ದಳು. ಉಪದೇಶಿಯ ತಾಯಿ, ಉಪದೇಶಿಯ ಅಣ್ಣನ ಮನೆಯಲ್ಲಿ ಪಟಕ್ಕೆ ದೀಪ! ನನ್ನ ಪಿತ್ತ ನೆತ್ತಿಗೇರಿತು. ಮೂರ್ತಿಪೂಜೆ ಬಿಟ್ಟು ಬಂದವರು ನಾವು ಎಂದು ಕೂಗಾಡಿ, ಪಟವನ್ನು ಕಿತ್ತು ನಾಲ್ಕು ತುಂಡು ಮಾಡಿ, ಅಣ್ಣನ ಗಂಜಿ ಕುದಿಯುತ್ತಿದ್ದ ಒಲೆಗೆ ಹಾಕಿದೆ. ಇನ್ನಾಸಪ್ಪ ಎದ್ದು ಹೊರಗೆ ಹೋದ.

ಅವ್ವ ಅಳಲಿಲ್ಲ. ‘ಆಕಿ ಮಗಾನೂ ಸತ್ತಿದ್ದ, ಮಾಳ್ಯಾ. ಅಷ್ಟಕ್ಕ ಇಟ್ಕೊಂಡಿದ್ದೆ’ ಅಂದಳು.

ಅಣ್ಣ ಹಾಸಿಗೆಯಿಂದ ಎಲ್ಲವನ್ನೂ ನೋಡುತ್ತಿದ್ದ. ಬಸ್ಸಿನಲ್ಲಿ ಕೂತಾಗ ಕೈಗೆ ಒಲೆಯ ಮಸಿ ಹತ್ತಿದ್ದು ನೋಡಿದೆ, ಆದರೂ ನಾನು ಮಾಡಿದ್ದು ಸರಿ ಎಂದೇ ಅನ್ನಿಸಿತ್ತು.

ಒಂಬತ್ತು ದಿನಕ್ಕೆ ಕರೆ ಬಂತು. ನಾನು ಮುಟ್ಟುವಾಗ ಮನೆಯ ತುಂಬ ಜನ, ಪಾದ್ರಿ ಸಾಹೇಬರೂ ಇದ್ದರು. ಅಣ್ಣನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವನು ಅವ್ವನ ಕೈ ಹಿಡಿದು ಇನ್ನಾಸಪ್ಪನ ಕೈಯಲ್ಲಿಟ್ಟ. ನಮ್ಮ ಕಡೆ ಮಗಳ ಮದುವೆ ಮಾಡಿ ಬೀಗರಿಗೆ ಒಪ್ಪಿಸುವಾಗ ಹೆತ್ತವರು ಹೇಳುವ ಒಂದು ಮಾತಿದೆ. ಆ ಮಾತನ್ನು ತಾಯಿಗಾಗಿ ಯಾರಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

‘ಇನ್ನಾಸಿ, ನಮ್ಮವ್ವನ್ನ ನಿನ್ನ ಉಡಿಯಾಗ ಹಾಕೇನಿ.’

ಜನರೆಲ್ಲ ನನ್ನ ಕಡೆ ತಿರುಗಿದರು. ನಾನು ಮುಂದೆ ಹೋಗಿ ಕಾಲ ಹತ್ತಿರ ಕುಕ್ಕರಿಸಿದೆ. ‘ಯಣ್ಣಾ, ನಿನ್ನ ತಮ್ಮ ನಾ ಇಲ್ಲೇ ಅದೇನಲ್ಲ’ ಅಂದೆ.

ಅವನು ಕಣ್ಣು ತೆರೆದು ನನ್ನನ್ನು ನೋಡಿದ. ‘ಅದಿ’ ಅಂದ. ಮತ್ತೆ ಕಣ್ಣು ಮುಚ್ಚಿಕೊಂಡ. ಮಧ್ಯಾಹ್ನದ ಹೊತ್ತಿಗೆ ಹೋದ.

ಮಣ್ಣು ಕೊಟ್ಟ ಮೂರನೆಯ ದಿನ ಇನ್ನಾಸಪ್ಪ ಅವ್ವನ ಟ್ರಂಕು ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ, ಹಿಂದೆ ಅವ್ವ. ಹೊರಡುವ ಮುಂಚೆ ಅವನು ನನ್ನ ಹತ್ತಿರ ಬಂದು, ನೀವು ಬೇಡ ಅಂದರೆ ಬಿಟ್ಟು ಹೋಗುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದ್ದ. ಬೇಡ ಅನ್ನುವ ಒಂದು ಶಬ್ದ ನನ್ನ ಬಾಯಿಂದ ಬರಲಿಲ್ಲ. ಸಿಟ್ಟಿತ್ತು. ಬಾಯವ್ವ ಏನಂದಾಳೋ ಎಂಬ ಹೆದರಿಕೆಯೂ ಇತ್ತು. ವಾರ ಕಳೆದರೆ ಮುದುಕಿ ತಾನೇ ಬರುತ್ತಾಳೆ ಎಂಬ ಲೆಕ್ಕವೂ ಇತ್ತು.

ಅವ್ವ ಬರಲಿಲ್ಲ. ನೇಸರಗಿಯಲ್ಲಿ ಗುಸುಗುಸು ಶುರುವಾಯಿತು. ಉಪದೇಶಿಯ ತಾಯಿ ಕಥೋಲಿಕರ ಮನೆಯ ಕೂಳು ತಿನ್ನುತ್ತಾಳಂತೆ ಎಂದು ಸಭೆಯ ಹಿರಿಯರು ನನಗೆ ಕೇಳುವಂತೆಯೇ ಆಡಿಕೊಂಡರು. ಅದನ್ನು ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಬೇರೆ. ಒಂದು ಭಾನುವಾರ ಪೀಠದಲ್ಲಿ ನಿಂತು ತಾಯಿ ಎಂಬ ಶಬ್ದಕ್ಕೆ ಬಂದು ಮುಂದೆ ಓದಲಾಗದೆ ಪುಸ್ತಕ ಮುಚ್ಚಿದೆ, ಕೀರ್ತನೆ ಹಾಡಿಸಿ ಜನರನ್ನು ಮನೆಗೆ ಕಳಿಸಿದೆ. ಅವ್ವ ನನಗೆ ಬೇಕಾಗಿದ್ದಳು, ಇಷ್ಟೇ. ಬಾಯವ್ವನೇ ಕೊನೆಗೆ, ಹೋಗಿ ಕರೆದುಕೊಂಡು ಬರ್ರಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ ಅಂದಳು.

ಮಳೆಗಾಲ ಹಿಡಿಯುವ ಮುಂಚೆ ಹೋದೆ. ಕಿತ್ತೂರಲ್ಲಿ ಇಳಿದು ಎರಡು ಮೈಲು ನಡೆದೆ. ಮೋಡ ಕಟ್ಟಿ ಧಗೆ ಹೊಡೆಯುತ್ತಿತ್ತು. ಊರ ಬಾಗಿಲ ಬಾವಿಯ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸಿಗೆ ಇನ್ನಾಸಪ್ಪನ ಮನೆ ಕೇಳಿದೆ. ಅವಳ ಹೆಸರು ಸೋಮವ್ವ, ಅವನ ಪಕ್ಕದ ಮನೆಯವಳೇ. ಕೊಡ ಸೊಂಟಕ್ಕೇರಿಸಿ ನನ್ನ ಜೊತೆಗೇ ಹೊರಟಳು.

‘ಆಯಿನ ನೋಡಾಕ ಬಂದೀರೇನ್ರಿ? ಪಾಪ, ಒಬ್ಬನ ಮಗ ಇದ್ದನಂತ, ಅವನೂ ಹೋದ. ಅವನ ಬೆನ್ನಿಗೆ ಹುಟ್ಟಿದವರೂ ಯಾರೂ ಇಲ್ಲಂತ. ಇನ್ನಾಸಣ್ಣ ಪುಣ್ಯಾತ್ಮ ನೋಡ್ರಿ.’

ನಾನು ಅವಳ ಹಿಂದೆ ನಡೆದೆ.

ಅವ್ವ ಪಡಸಾಲೆಯಲ್ಲಿ ಬಿತ್ತನೆಗೆ ಶೇಂಗಾ ಒಡೆಯುತ್ತ ಕೂತಿದ್ದಳು. ಇನ್ನಾಸಪ್ಪ ಹೊಲಕ್ಕೆ ಹೋಗಿದ್ದ, ಅವನ ಹೆಂಡತಿ ಬುತ್ತಿ ಒಯ್ದಿದ್ದಳು. ನನ್ನನ್ನು ಕಂಡು ಅವ್ವ ಬೆಚ್ಚಲಿಲ್ಲ, ಚಾಪೆ ತೋರಿಸಿದಳು. ಒಳ್ಳೆಯ ಸೀರೆ ಉಟ್ಟಿದ್ದಳು, ತಲೆ ಎಣ್ಣೆ ಕಂಡಿತ್ತು. ಅದನ್ನು ನೋಡಿ ಸಮಾಧಾನ ಆಗಬೇಕಿತ್ತು, ಹೊಟ್ಟೆಯುರಿಯಿತು. ಬಾಯವ್ವನ ಮಾತು ಹೇಳಿದೆ, ತಪ್ಪಾಯಿತು ಅಂದೆ, ಮಧ್ಯಾಹ್ನದ ಬಸ್ಸಿಗೇ ನಡಿ ಅಂದೆ. ಅವಳು ನಾಲ್ಕು ಕಾಯಿ ಒಡೆದು ಬೀಜ ಬುಟ್ಟಿಗೆ ಹಾಕಿದಳು.

‘ಇಲ್ಲಿ ದಿನಾ ಸಂಜಿಕೆ ಜಪಾ ಮಾಡ್ತಾರ, ನಾನೂ ಕುಂದರತೇನಿ. ಆಕಿಗೆ ಒಬ್ಬನ ಮಗ ಅಂತಾರ. ನೀ ಮತ್ತ ನಾಕ ಮಂದಿ ಇದ್ರಂದಿದ್ದಿ. ಖರೆ ಹೇಳ, ಇದ್ರೇನ?’

‘ಶಾಸ್ತ್ರದಾಗ ಬರದೈತಿ ಯವ್ವಾ’ ಅಂದೆ. ಅಷ್ಟು ಹೊತ್ತಿನಲ್ಲೂ ನನಗೆ ಸುಳ್ಳು ಹೇಳಲಾಗಲಿಲ್ಲ.

‘ಇದ್ದಿರಬೇಕು. ಇರಬಾರದಿತ್ತು. ಒಬ್ಬನ ಮಗ, ಸತ್ತ ಅಂದ್ರ ಮಂದಿ ಅಯ್ಯ ಪಾಪ ಅಂತಾರ. ನಾಕ ಮಂದಿ ಇದ್ದೂ ತಾಯಿ ಬ್ಯಾರೆಯವರ ಮನಿಗೆ ಹ್ವಾದ್ಲು ಅಂದ್ರ, ಯಾಕ ಅಂತ ಕೇಳ್ತಾರ. ಹೆತ್ತಾಕಿ ಅದಕ್ಕ ಏನಂತ ಹೇಳ್ಬೇಕಪಾ?’ ಅವಳು ನನ್ನನ್ನು ನೋಡದೆ ಇನ್ನೊಂದು ಕಾಯಿ ಒಡೆದಳು. ‘ಅದಕ್ಕ ಇಲ್ಲಿ ನಾ ನನಗ ಒಬ್ಬನ ಮಗ ಅಂತ ಹೇಳೇನಿ. ಸಿಟ್ಟ ಮಾಡಬ್ಯಾಡ. ನಿನ್ನನ್ನ ಮಂದಿ ಬಾಯಿಗೆ ಹಾಕೂದು ನನಗ ಆಗಲಿಲ್ಲ.’

ನಾನು ಅತ್ತೆ. ನಲವತ್ತೆರಡು ವರ್ಷದ ಗಂಡಸು, ಶೇಂಗಾ ಸಿಪ್ಪೆಯ ನಡುವೆ ಕೂತು ಮೂಗು ಸೋರಿಸಿಕೊಂಡು ಅತ್ತೆ. ಅವ್ವ ಸೆರಗು ಚಾಚಲಿಲ್ಲ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಕೈ ಮಾತ್ರ ಶೇಂಗಾ ಒಡೆಯುತ್ತಲೇ ಇತ್ತು.

ಅಷ್ಟರಲ್ಲಿ ಸೋಮವ್ವ ಒಂದು ತಂಬಿಗೆ ಮಜ್ಜಿಗೆ ಹಿಡಿದುಕೊಂಡು ಒಳಗೆ ಬಂದಳು. ನನ್ನ ಮುಖ ನೋಡಿ ನಿಂತಳು, ಅವ್ವನ ಮುಖ ನೋಡಿದಳು. ‘ಇವರು ಯಾರಾಗಬೇಕ ಆಯಿ ನಿಂಗ?’ ಅಂದಳು.

ಅವ್ವನ ಕೈ ನಿಂತಿತು. ಅವಳು ಮಗ ಅಂದರೆ ಈ ಊರಲ್ಲಿ ಅವಳ ಮರ್ಯಾದೆ ಹೋಗುತ್ತದೆ, ಇವತ್ತು ಸಂಜೆಯೊಳಗೆ ಬಾವಿಯ ಹತ್ತಿರ ಆ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಅದರ ಉತ್ತರ ನಾನೇ.

‘ನಾ ಯಮನಪ್ಪನ ಕಾಕಾನ ಮಗರಿ’ ಅಂದೆ.

ಅವ್ವ ನನ್ನನ್ನು ನೋಡಿ, ಕೈಯಲ್ಲಿದ್ದ ಕಾಯಿ ಒಡೆದಳು.

‘ಹೌದ’ ಅಂದಳು. ‘ನಮ್ಮ ಮೈದುನನ ಮಗ. ನೇಸರಗಿಯಿಂದ ಬಂದಾನ. ಬಸ್ಸಿನ ಹೊತ್ತಾತು ಸೋಮವ್ವಾ, ಆ ಮಜ್ಜಿಗಿ ಅವಂಗ ಕೊಡ.’