ಮೊಟ್ಟೆಯ ಪಕ್ಕ ನೆಟ್ಟ ಕೋಲು

ನಮ್ಮ ಕಡಲತೀರಕ್ಕೆ ಹಗ್ಗ ಕಟ್ಟಿ ಇದು ಮೂರನೇ ವರ್ಷ. ಮೂರು ವರ್ಷದಿಂದಲೂ ಊರಲ್ಲಿ ಒಂದೇ ರಗಳೆ. ದೋಣಿ ಎಳೆಯುವವರಿಗೆ ಸುತ್ತುಬಳಸಿನ ದಾರಿ. ಬಲೆ ಒಣಗಿಸುವವರಿಗೆ ಜಾಗ ಸಾಲದು. ಬೆಳಿಗ್ಗೆ ವಾಕಿಂಗ್ ಬರುವವರಿಗೆ ಹಗ್ಗ ಕಂಡರೆ ತಮ್ಮ ಮುಖಕ್ಕೇ ಬಾಗಿಲು ಹಾಕಿದಷ್ಟು ಸಿಟ್ಟು. ಎಲ್ಲರ ಬೈಗುಳವೂ ಬಂದು ಬೀಳುತ್ತಿದ್ದದ್ದು ಒಬ್ಬಳ ತಲೆ ಮೇಲೆ. ಅವಳು ನನ್ನ ಅಕ್ಕ.

ಅಕ್ಕನದು ಹಕ್ಕಿ ಕಾಯುವ ಕೆಲಸ. ಅರಣ್ಯ ಇಲಾಖೆಯವರು ಅವಳಿಗೆ ಒಂದು ದುರ್ಬೀನು, ಒಂದು ಟೋಪಿ, ಒಂದು ಪುಸ್ತಕ ಕೊಟ್ಟಿದ್ದಾರೆ. ಬೆಳಕು ಹರಿಯುವಾಗ ಒಂದು ಸಲ, ಸಂಜೆ ಒಂದು ಸಲ ಅವಳು ಅಲೆ ತೊಯ್ಸಿದ ಮರಳ ಮೇಲೇ ನಡೆಯುತ್ತಾಳೆ. ಹಗ್ಗದ ಆಚೆ ಎಷ್ಟು ಹಕ್ಕಿ, ಎಷ್ಟು ಗೂಡು, ಎಷ್ಟು ಮೊಟ್ಟೆ, ಎಷ್ಟು ಮರಿ ಅಂತ ದೂರದಿಂದ ನೋಡಿ ಬರೆಯುತ್ತಾಳೆ. ಪುಸ್ತಕದ ಕೊನೆಯಲ್ಲಿ 'ಹಾರಿದ ಮರಿ' ಅಂತ ಒಂದು ಖಾನೆ ಇದೆ. ಹಿಂದಿನ ಎರಡು ವರ್ಷವೂ ಅದರಲ್ಲಿ ಸೊನ್ನೆ.

"ಈ ವರ್ಷವೂ ಸೊನ್ನೆ ಆದ್ರೆ ಹಗ್ಗ ಬಿಚ್ತಾರಂತೆ," ಅಂದಳು ಅಕ್ಕ, ಒಂದು ದಿನ ಊಟಕ್ಕೆ ಕೂತಾಗ. "ಇಲ್ಲಿ ಹಕ್ಕಿ ಉಳಿಯಲ್ಲ ಅಂತ ಬರೆದು, ಕಾರು ನಿಲ್ಸೋ ಜಾಗ ಮಾಡ್ತಾರಂತೆ."

"ಮಾಡ್ಲಿ ಬಿಡು," ಅಂದರು ಅಪ್ಪ. ಅಪ್ಪ ಮೊದಲು ಸಮುದ್ರಕ್ಕೆ ಹೋಗುತ್ತಿದ್ದರು. ಮಂಡಿ ಹೋದ ಮೇಲೆ ಆರು ವರ್ಷದಿಂದ ಬಾಗಿಲ ಮುಂದೆ ಕೂತು, ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಹರಿದದ್ದನ್ನು ಹೆಣೆಯುತ್ತಾರೆ. ನಗುವುದು ಅಪರೂಪ. ಊರವರು ಹಿಂದಿನಿಂದ 'ಗಂಟುಮೋರೆ' ಅನ್ನುತ್ತಾರೆ, ಕೆಲವರು ಮುಂದಿನಿಂದಲೂ. "ಎರಡು ಹಕ್ಕಿಗೆ ಅಷ್ಟು ದೊಡ್ಡ ತೀರ! ನಮ್ಮನೇಲಿ ನಿನ್ನ ತಮ್ಮನಿಗೆ ಕಾಲು ನೀಡಿ ಮಲಗೋಕೆ ಜಾಗ ಇಲ್ಲ."

"ಹಕ್ಕಿ ಏನು ನಮಗೆ ಬಾಡಿಗೆ ಕೊಡ್ತಾವಾ?" ಅಂತ ನಾನೂ ಒಂದು ಸೇರಿಸಿದೆ. ಐಸ್ ಫ್ಯಾಕ್ಟರಿಯಲ್ಲಿ ಬೆಳಗಿನಿಂದ ಗಡ್ಡೆ ಒಡೆದು ಬಂದವನಿಗೆ ಹಕ್ಕಿ ಪುರಾಣ ಯಾಕೆ ಬೇಕು?

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಎರಡೇ ಉಳಿದಿರೋದು ಅಪ್ಪಾ. ನಿಮ್ಮ ಕಾಲದಲ್ಲಿ ಎಷ್ಟಿದ್ವು?"

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

"ಎಣಿಸಿದವರು ಯಾರು ಮಗಾ," ಅಂದರು. "ಮಂಜು ಮುಸುಕಿದ ದಿನ ದಡವೇ ಕಾಣ್ತಿರಲಿಲ್ಲ. ಎಂಜಿನ್ ಆಫ್ ಮಾಡಿ ಕಿವಿ ಕೊಡ್ತಿದ್ವಿ. ಪೀಪ್, ಪೀಪ್ ಅಂತ ಇಡೀ ದಡವೇ ಕೂಗ್ತಿತ್ತು. ಆ ಕಡೆ ದೋಣಿ ತಿರುಗಿಸಿದ್ರೆ ಮನೆ." ತಟ್ಟೆಯ ಅಂಚಿಗೆ ಬೆರಳು ಒರೆಸುತ್ತಾ, "ಈಗ ಎಂಜಿನ್ ಆಫ್ ಮಾಡಿದ್ರೆ ಏನು ಕೇಳುತ್ತೋ," ಅಂದರು.

ಆ ದಿನ ಅವರು ಮತ್ತೆ ಅನ್ನ ಹಾಕಿಸಿಕೊಳ್ಳಲಿಲ್ಲ.

ಮಾರನೇ ಬೆಳಿಗ್ಗೆ ಅಕ್ಕ ಹೊರಟಾಗ ಅಪ್ಪನೂ ಕೋಲೂರಿಕೊಂಡು ಹಿಂದೆ ಹೊರಟರು. "ಸುಮ್ನೆ, ಕಾಲು ಬಿಗಿದಿದೆ," ಅಂದರು. ಕಾಲು ಬಿಗಿದವರು ಯಾರಾದರೂ ಮರಳಲ್ಲಿ ಅಷ್ಟು ದೂರ ನಡೆಯುತ್ತಾರಾ? ನನಗೂ ಅವತ್ತು ರಜೆ, ಜೊತೆಗೆ ಹೋದೆ.

ಹಗ್ಗದಿಂದ ನೂರು ಹೆಜ್ಜೆ ದೂರ ನಿಂತು ಅಕ್ಕ ಅಪ್ಪನ ಕಣ್ಣಿಗೆ ದುರ್ಬೀನು ಹಿಡಿದಳು.

"ಗೂಡೆಲ್ಲೇ?"

"ಅದೇ ಗೂಡು."

"ಎಲ್ಲಿ? ಬರೀ ಗುಂಡಿ."

"ಗುಂಡಿಯೇ ಅಪ್ಪಾ. ಅಂಗೈಯಷ್ಟು. ಮೂರು ಮೊಟ್ಟೆ ಇವೆ, ಮರಳಿನದೇ ಬಣ್ಣ. ತುಳಿಯೋವರೆಗೂ ಗೊತ್ತಾಗಲ್ಲ."

ಕಪ್ಪು ಮೈ, ಬಿಳಿ ಹೊಟ್ಟೆ, ಕ್ಯಾರೆಟ್‌ನಂಥ ಕೆಂಪು ಕೊಕ್ಕು. ಅಷ್ಟರಲ್ಲಿ ಒಂದು ಬಂದು ಮೊಟ್ಟೆಗಳ ಮೇಲೆ ಕೂತಿತು, ಇನ್ನೊಂದು ಕಾವಲಿಗೆ ನಿಂತಿತ್ತು. ನಿಂತದ್ದರ ಕಾಲಿಗೆ ನೀಲಿ ಉಂಗುರ. ಹನ್ನೊಂದು ವರ್ಷದ ಹಿಂದೆ ಯಾರೋ ಹಕ್ಕಿ ಓದಿದವರು ಹಾಕಿದ್ದಂತೆ. ಅವತ್ತಿನಿಂದ ಪ್ರತಿ ವರ್ಷ ಅದು ಇದೇ ಜಾಗಕ್ಕೆ ಬರುತ್ತದಂತೆ.

"ಹಾಗಾದ್ರೆ ನಾನು ಕಡೇ ಸಲ ಸಮುದ್ರಕ್ಕೆ ಹೋದಾಗ್ಲೂ ಇದು ಇಲ್ಲೇ ಇತ್ತು," ಅಂದರು ಅಪ್ಪ. ಯಾರಿಗೆ ಹೇಳಿದರೋ ಗೊತ್ತಿಲ್ಲ.

ಅಷ್ಟರಲ್ಲಿ ರಿಟೈರ್ ಆದ ಮಾಸ್ತರರು ನಾಯಿಯನ್ನು ಬಿಟ್ಟುಕೊಂಡು ಬಂದರು. ಅಕ್ಕ ಓಡಿಹೋಗಿ ಅಡ್ಡ ನಿಂತಳು.

"ನಾಯಿ ಕಟ್ಟಿ ಸಾರ್."

"ನಮ್ಮ ನಾಯಿ ಇರುವೆಯನ್ನೂ ಕಚ್ಚಲ್ಲಮ್ಮ."

"ಕಚ್ಚೋದೇ ಬೇಡ ಸಾರ್. ನಾಯಿ ಕಂಡ್ರೆ ಸಾಕು, ಹಕ್ಕಿ ಎದ್ದುಬಿಡುತ್ತೆ. ಎದ್ರೆ ಮೊಟ್ಟೆ ಬಿಸಿಲಿಗೆ ಬೀಳುತ್ತೆ. ಮಧ್ಯಾಹ್ನ ಬಂದು ಈ ಮರಳ ಮೇಲೆ ಚಪ್ಪಲಿ ಬಿಟ್ಟು ನಿಲ್ಲಿ, ಎಷ್ಟು ಹೊತ್ತು ನಿಲ್ತೀರೋ ನೋಡೋಣ."

ಮಾಸ್ತರರು ಗೊಣಗುತ್ತಾ ತಿರುಗಿದರು. ಅಪ್ಪ ಮೊದಲ ಸಲ ಮಗಳನ್ನು ಬೇರೆ ರೀತಿ ನೋಡಿದರು.

ಇಲ್ಲೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ನಾವು ಕೆಡಿಸಿದೆವು.

ನಮ್ಮಲ್ಲಿ ಒಂದು ರೂಢಿ ಇದೆ. ಮರಳ ಮೇಲೆ ಏನನ್ನಾದರೂ ಬಿಟ್ಟು ಹೋಗಬೇಕಾದರೆ, ಲಂಗರೋ, ಮಡಚಿದ ಬಲೆಯೋ, ಮೀನಿನ ಬುಟ್ಟಿಯೋ, ಪಕ್ಕದಲ್ಲಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇವೆ. ಕೋಲು ಕಂಡರೆ ಯಾರೂ ಮುಟ್ಟುವುದಿಲ್ಲ, ಟ್ರ್ಯಾಕ್ಟರ್ ಹತ್ತಿಸುವುದಿಲ್ಲ.

ಆ ವಾರ ದೋಣಿ ಎಳೆಯಲು ಹೊಸ ಟ್ರ್ಯಾಕ್ಟರ್ ಬಂತು. ಡ್ರೈವರ್ ಬೇರೆ ಊರಿನವನು. ಅಪ್ಪ ದಿನಾ ಅವನದೇ ಮಾತು ತೆಗೆದರು. "ಅವನಿಗೇನು ಗೊತ್ತು? ಹಗ್ಗ ದಾಟಿಸಿಬಿಟ್ರೆ?" ಅಕ್ಕ ಇಲಾಖೆಯ ಮೀಟಿಂಗಿಗೆ ಹೋಗಿದ್ದಳು. ಸಂಜೆ ಅಪ್ಪ ನನ್ನ ಹತ್ತಿರ ಬಂದು, "ಒಂದು ಗಟ್ಟಿ ಕೋಲು ಕಡಿದುಕೊಡೋ," ಅಂದರು. ಕಡಿದುಕೊಟ್ಟೆ. ಬಟ್ಟೆ ಕಟ್ಟಿದವನೂ ನಾನೇ. ಅಪ್ಪ ಹಗ್ಗದ ಕೆಳಗೆ ಬಗ್ಗಿ, ಆ ಹಾಳು ಮಂಡಿಯಲ್ಲಿ ತೆವಳಿಕೊಂಡು ಹೋಗಿ, ಗೂಡಿನಿಂದ ಒಂದು ಮೊಳ ದೂರದಲ್ಲಿ ಕೋಲು ನೆಟ್ಟು ಬಂದರು. ಬರುವಾಗ ಮುಖ ಅರಳಿತ್ತು.

"ಇನ್ನು ಯಾವನೂ ತುಳಿಯಲ್ಲ," ಅಂದರು.

ತುಳಿಯಲಿಲ್ಲ. ಬೆಳಗಾದಾಗ ಕೋಲಿನ ತುದಿಯಲ್ಲಿ ಕಾಗೆ ಕೂತಿತ್ತು.

ಕೆಂಪು ಬಟ್ಟೆಯ ಕೋಲು ಇದ್ದಲ್ಲಿ ಮೀನಿನ ಬುಟ್ಟಿ ಇರುತ್ತೆ ಅಂತ ನಮ್ಮೂರ ಕಾಗೆಗಳಿಗೆ ಕಣ್ಣು ಬಿಟ್ಟಾಗಿನಿಂದ ಗೊತ್ತು. ನಾವೇ ಕಲಿಸಿದ ಪಾಠ. ಗುಂಡಿಯಲ್ಲಿ ಚಿಪ್ಪಿನ ಚೂರು ಮಾತ್ರ ಉಳಿದಿತ್ತು. ಎರಡೂ ಹಕ್ಕಿ ನೀರಿನ ಅಂಚಿನಲ್ಲಿ ಅತ್ತಿತ್ತ ಓಡುತ್ತಾ ಕೂಗುತ್ತಿದ್ದವು.

ಅಕ್ಕ ಮನೆಗೆ ಬಂದು ಕೆಂಪು ಬಟ್ಟೆಯನ್ನು ಅಪ್ಪನ ಮುಂದೆ ಇಟ್ಟಳು. ಕೂಗಾಡಿದ್ದರೆ ವಾಸಿ ಇತ್ತು.

"ಯಾರು?"

"ನಾನೇ ಮಗಾ."

"ಕಾಯೋಕೆ ಹೋಗಿ ಕಾಗೆಗೆ ವಿಳಾಸ ಬರೆದುಕೊಟ್ರಲ್ಲಪ್ಪಾ."

ನನಗೆ ರೇಗಿತು. ತಪ್ಪು ಮಾಡಿದವನಿಗೇ ಹೆಚ್ಚು ರೇಗುವುದು. "ನಿನ್ನ ಇಲಾಖೆಯವರು ಬೋರ್ಡಲ್ಲಿ ಇದನ್ನ ಬರೆದಿದ್ದಾರಾ? 'ಪ್ರವೇಶ ನಿಷೇಧ' ಅಂತ ಎರಡು ಪದ ಗೀಚಿ ಜೀಪು ಹತ್ತಿದ್ರೆ ಮುಗೀತಾ? ಯಾಕೆ ಅಂತ ನಮಗೆ ಹೇಳೋರು ಯಾರು?"

"ಬೋರ್ಡು ಸರಿಯಿಲ್ಲ, ಒಪ್ಕೊಂಡೆ," ಅಂದಳು ಅಕ್ಕ. "ಆದ್ರೆ ಮೂರು ವರ್ಷದಿಂದ ಒಂದೇ ಪಾತ್ರೆ ಅನ್ನ ತಿಂತಿದ್ದೀವಿ. ಒಂದು ದಿನ ನೀನು ನನ್ನ ಕೇಳಿದ್ಯೇನೋ?"

ನಾನು ಆ ಕೆಂಪು ಬಟ್ಟೆ ಎತ್ತಿ ಜೇಬಿಗೆ ಹಾಕಿಕೊಂಡೆ.

ಅಪ್ಪ ಕೇಳಿದರು, "ಮತ್ತೆ ಇಡುತ್ತಾ?"

"ಒಂದೊಂದು ಸಲ ಇಡುತ್ತೆ. ಇಡದೇನೂ ಇರಬಹುದು. ಈಗ ನಾವು ಮಾಡೋದು ಒಂದೇ. ದೂರ ಇರೋದು."

ದೂರ ಇರುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತಾದದ್ದು ಆಮೇಲೆ. ಬಲೆ ಹೆಣೆಯುತ್ತಾ ಹೆಣೆಯುತ್ತಾ ಅಪ್ಪ ತಲೆಯೆತ್ತಿ ಸಮುದ್ರದ ಕಡೆ ನೋಡುತ್ತಿದ್ದರು. ಅಕ್ಕನ ಚಪ್ಪಲಿ ಸದ್ದಾದರೆ ಸಾಕು, "ಇಟ್ಟಿತಾ?" ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ: "ಇನ್ನೂ ಇಲ್ಲಪ್ಪಾ." ಹದಿನಾರನೇ ಸಂಜೆ ಅಕ್ಕ ಬಾಗಿಲಲ್ಲೇ ನಿಂತು ಅಂದಳು, "ಕೂತಿದೆ."

"ಎಷ್ಟು ಮೊಟ್ಟೆ?"

"ಗೊತ್ತಿಲ್ಲ. ಹಕ್ಕಿಯನ್ನ ಎಬ್ಬಿಸಿ ಎಣಿಸೋ ಲೆಕ್ಕ ನನಗೆ ಬೇಡ. 'ಕೂತಿದೆ' ಅಂತಲೇ ಬರೆದಿದ್ದೀನಿ."

ಮಾರನೇ ದಿನದಿಂದ ಅಪ್ಪ ಬಲೆಯನ್ನು ಹೊತ್ತುಕೊಂಡು ಹೋಗಿ ಹಗ್ಗದಿಂದ ನೂರು ಹೆಜ್ಜೆ ಈಚೆ ಕೂತರು. ಮೀನು ಮಾರುವ ಹೆಂಗಸರಿಗೆ ತಮಾಷೆ. "ಗಂಟುಮೋರೆಯಣ್ಣ ಹಕ್ಕಿ ಬಾಣಂತನ ಮಾಡ್ತಿದ್ದಾನೆ ನೋಡ್ರೇ!" ಅಪ್ಪ ತಿರುಗಿಸಿ ಕೊಟ್ಟರು: "ಹೌದು ಕಣ್ರಮ್ಮಾ. ನೀವು ಮೀನಿನ ಕರುಳು ಮರಳ ಮೇಲೆ ಎಸೆದು ಕಾಗೆಗಳಿಗೆ ಔತಣ ಕೊಡೋದು ನಿಲ್ಲಿಸಿದ್ರೆ, ಬಾಣಂತನ ಸುಸೂತ್ರ ಆಗುತ್ತೆ." ನಕ್ಕರು. ಆದರೂ ಎರಡು ದಿನದಲ್ಲಿ ಬುಟ್ಟಿ ಇಟ್ಟು ಕರುಳನ್ನು ಅದರಲ್ಲೇ ತುಂಬಿ ಒಯ್ಯತೊಡಗಿದರು. ಕಾಗೆಗಳೂ ಕಡಿಮೆಯಾದವು.

ಮಾಸ್ತರರಿಗೆ ಅಪ್ಪ ಬಲೆಯ ನೂಲಿನಲ್ಲೇ ಒಂದು ಹಗ್ಗ ಹೆಣೆದು ಕೊಟ್ಟರು. "ನಾಯಿಗೆ ಸಾರ್. ನಾಯಿ ಬೇಡ ಅಂದ್ರೆ ನೀವು ಕಟ್ಕೊಳ್ಳಿ, ಅದು ಹಿಡ್ಕೊಳ್ಳಲಿ." ಮಾಸ್ತರರು ಮುಖ ಗಂಟು ಹಾಕಿಕೊಂಡೇ ಇಸಕೊಂಡರು. ಕಟ್ಟಿದರು.

ನಾನೂ ಕೆಲಸ ಮುಗಿಸಿ ಅಲ್ಲೇ ಹೋಗತೊಡಗಿದೆ. ಒಂದು ಸಂಜೆ ಬೈಕಿನವನೊಬ್ಬ ಮರಳಿಗೆ ಇಳಿದು ಸುತ್ತು ಹೊಡೆಯುತ್ತಾ ಹಗ್ಗದ ಹತ್ತಿರ ಬಂದ. ಓಡಿಹೋಗಿ ಅವನ ಕಾಲರ್ ಹಿಡಿದೆ. ಅಕ್ಕ ನನ್ನ ಕೈ ಬಿಡಿಸಿದಳು.

"ಹೊಡೆದ್ರೆ ಇವತ್ತು ಹೋಗ್ತಾನೆ, ನಾಳೆ ನಾಲ್ಕು ಜನ ಕರ್ಕೊಂಡು ಬರ್ತಾನೆ. ತೋರಿಸೋ," ಅಂದು ದುರ್ಬೀನನ್ನು ಅವನ ಕೈಗೇ ಕೊಟ್ಟಳು.

"ಎಲ್ಲಿ? ಏನೂ ಇಲ್ವಲ್ಲ," ಅಂದ ಅವನು. ಆಮೇಲೆ, "ಓ."

ಅಷ್ಟೇ. ಬೈಕನ್ನು ತಳ್ಳಿಕೊಂಡು ಹೋದ.

ಹಕ್ಕಿ ಕಾವಿಗೆ ಕೂತ ಇಪ್ಪತ್ತೇಳನೇ ದಿನ ಮರಿ ಬಂದವು. ಎರಡು. ಬೂದು ಬಣ್ಣದ ಹತ್ತಿಯುಂಡೆಗೆ ಕಡ್ಡಿಕಾಲು. ತಾಯಿ ಕೂಗಿದರೆ ಇದ್ದಲ್ಲೇ ಮರಳಿಗೆ ಅಂಟಿಕೊಳ್ಳುತ್ತಿದ್ದವು, ಕಲ್ಲಿನ ಹಾಗೆ. ಆರನೇ ದಿನ ಒಂದು ಕಾಣಲಿಲ್ಲ. ಏನಾಯಿತೋ ಯಾರಿಗೂ ಗೊತ್ತಿಲ್ಲ. ಅಕ್ಕ 'ಮರಿ: ಒಂದು' ಅಂತ ತಿದ್ದಿ ಬರೆದಳು. ಪೆನ್ನನ್ನು ಎಷ್ಟು ಒತ್ತಿದ್ದಳೆಂದರೆ ಹಾಳೆ ತೂತಾಯಿತು.

ಉಳಿದ ಒಂದರ ಮೇಲೆ ನಮ್ಮ ಮೂವರ ಜೀವ. ಅದು ಚಿಪ್ಪಿನ ಹುಳ ತಿನ್ನಲು ಕಲಿತದ್ದು, ರೆಕ್ಕೆ ಬಡಿದು ಮುಗ್ಗರಿಸಿ ಬಿದ್ದದ್ದು, ಎಲ್ಲ ನೂರು ಹೆಜ್ಜೆ ದೂರದಿಂದಲೇ ನೋಡಿದೆವು. ಹತ್ತಿರ ಹೋಗಬೇಕು ಅಂತ ಕಾಲು ತುಡಿಯುತ್ತಿತ್ತು. ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು ಅಂತ. ಅಪ್ಪನ ಕಣ್ಣಲ್ಲೂ ಅದೇ ಕಾಣುತ್ತಿತ್ತು. ಯಾರೂ ಏಳಲಿಲ್ಲ.

ಮರಿ ಹುಟ್ಟಿದ ಮೂವತ್ತಾರನೇ ಬೆಳಿಗ್ಗೆ ಗಾಳಿ ಜೋರಿತ್ತು. ಮರಿ ಗಾಳಿಗೆ ಎದುರಾಗಿ ಓಡಿತು. ಆಳೆತ್ತರ ಎದ್ದಿತು, ಇಳಿಯಿತು. ಮತ್ತೆ ಓಡಿತು. ಈ ಸಲ ಇಳಿಯಲಿಲ್ಲ. ಅಲೆಯ ಮೇಲಿಂದ ಹೋಯಿತು, ಹಿಂದೆ ತಾಯಿ ತಂದೆ ಹಕ್ಕಿ ಎರಡೂ ಕಿರುಚುತ್ತಾ ಹೋದವು.

"ಬರಿ, ಬರಿಯೇ!" ಅಂದರು ಅಪ್ಪ.

"ಇರಿ ಅಪ್ಪಾ," ಅಂದಳು ಅಕ್ಕ. "ಮೊದಲು ಕಣ್ತುಂಬ ನೋಡ್ತೀನಿ."

ವಾರದಲ್ಲಿ ಮೂರೂ ಹೊರಟುಹೋದವು. ಇಲಾಖೆಯಿಂದ ಕಾಗದ ಬಂತು, ಹಗ್ಗ ಉಳಿಯುತ್ತದೆ. ಈಗ ಆಚೆ ಬರೀ ಮರಳು, ಗಾಳಿ. ಅಪ್ಪ ಇನ್ನೂ ಬೆಳಿಗ್ಗೆ ಹೋಗಿ ಅಲ್ಲೇ ಕೂರುತ್ತಾರೆ.

"ಇನ್ನೂ ಎಂಟು ತಿಂಗಳಿದೆ ಅಪ್ಪಾ," ಅಂದೆ ನಾನು.

"ಇರಲಿ ಕಣೋ. ಬರೋವಾಗ ಜಾಗ ಖಾಲಿ ಇರ್ಬೇಕಲ್ಲ."

ಕಡಲ ದಡದಲ್ಲಿ ಬದುಕುವವರೇ, ಎರಡು ದಿನ ಕಾಲಾಡಿಸಲು ಬರುವವರೇ, ಕೇಳಿ. ನಾವು ಆ ಮೊಟ್ಟೆಗಳನ್ನು ಕೊಂದದ್ದು ದ್ವೇಷದಿಂದಲ್ಲ, ಅಕ್ಕರೆಯಿಂದ. ಗೊತ್ತಿಲ್ಲದ ಅಕ್ಕರೆ ಕಾಗೆಗಿಂತ ಕೆಟ್ಟದ್ದು. ಹಗ್ಗ ಕಂಡರೆ ಈಚೆಯೇ ಇರಿ. ನಡೆಯುವುದಾದರೆ ಒದ್ದೆ ಮರಳಲ್ಲಿ ನಡೆಯಿರಿ. ನಾಯಿಯನ್ನು ಕಟ್ಟಿ, ಬೈಕನ್ನು ರಸ್ತೆಯಲ್ಲೇ ಬಿಡಿ, ತಿಂದು ಉಳಿದದ್ದನ್ನು ಹೊತ್ತುಕೊಂಡು ಹೋಗಿ. ಗೂಡು ಕಂಡರೆ ಕೋಲು ನೆಡಬೇಡಿ, ಕಲ್ಲು ಜೋಡಿಸಬೇಡಿ, ಫೋಟೋಗೆ ಅಂತ ಬಗ್ಗಬೇಡಿ. ಕಾಯುವವರಿಗೆ ಹೇಳಿ, ಸಾಕು. ಅವರು ಹೇಳಿದ್ದು ಅರ್ಥವಾಗದಿದ್ದರೆ ಬೈಯುವ ಮೊದಲು ಒಂದು ಸಲ ಕೇಳಿ. ನಾನು ಕೇಳಲಿಲ್ಲ.

ಹಾಗಿದ್ದೂ ದಾರಿ ತಪ್ಪಿ ಹೋದಿರಿ, ತಲೆಯ ಮೇಲೆ ಒಂದು ಹಕ್ಕಿ ಕಿರುಚುತ್ತಾ ಸುತ್ತತೊಡಗಿತು ಅನ್ನಿ. ಅದರ ಮಕ್ಕಳು ನಿಮ್ಮ ಕಾಲ ಬುಡದಲ್ಲೇ ಎಲ್ಲೋ ಇದ್ದಾರೆ. ಅಲ್ಲೇ ನಿಲ್ಲಿ. ಬಂದ ಹೆಜ್ಜೆಗಳ ಮೇಲೇ ಹೆಜ್ಜೆ ಇಟ್ಟು ಹಿಂದಿರುಗಿ.