ಮೂಡಣ ಮೂಲೆಯ ಕಲ್ಲುಗಳು

ನಮ್ಮ ಗದ್ದೆಗೂ ಪಾಲಯ್ಯನ ಗದ್ದೆಗೂ ನಡುವೆ ಇರುವುದು ಒಂದೇ ಬದು. ಕಾಲುವೆ ನೀರು ಮೊದಲು ಅವರಿಗೆ, ಆಮೇಲೆ ನಮಗೆ. ಅವರ ಮನೆಯ ಸುದ್ದಿಯೂ ಹಾಗೇ, ಕಂಪ್ಲಿಗೆ ಮುಟ್ಟುವ ಮೊದಲು ನಮ್ಮನ್ನು ಮುಟ್ಟುತ್ತದೆ.

ಮುತ್ತಾತನ ಕಾಲದಿಂದ ಆ ಗದ್ದೆ ಒಂದೇ ತುಂಡಾಗಿ ಉಳಿದಿದೆ. ಪಾಲಯ್ಯನಿಗೆ ಇದರ ಹೆಮ್ಮೆ ವಿಪರೀತ. ಉಳಿಸಿದ ಉಪಾಯ ಸರಳ: ಆ ಮನೆಯ ಹೆಣ್ಣುಮಕ್ಕಳನ್ನು ಹೊರಗೆ ಕೊಡುವುದಿಲ್ಲ. ಹೆಣ್ಣು ಹೊರಗೆ ಹೋದರೆ ಅವಳ ಹಿಂದೆ ಗದ್ದೆಯ ಪಾಲೂ ಹೋಗುತ್ತದಲ್ಲ. ಪಾಲಯ್ಯನ ಹೆಂಡತಿ ಯಲ್ಲಕ್ಕ ಅವನ ಸ್ವಂತ ಅಕ್ಕನ ಮಗಳು. ಮಗಳು ಹೊಳೆಮ್ಮನನ್ನು ತನ್ನ ತಂಗಿಯ ಮಗನಿಗೇ ಕೊಟ್ಟು ಮನೆಯಲ್ಲೇ ಇಟ್ಟುಕೊಂಡ. ಆ ಅಳಿಯ ಈಗಿಲ್ಲ. ಈಗ ಸರದಿ ಹೊಳೆಮ್ಮನ ಮಗಳು ಗಂಗೋತ್ರಿಯದು. ವರ ಅವಳ ಸೋದರಮಾವ, ಅಂದರೆ ಹೊಳೆಮ್ಮನ ತಮ್ಮ ಮಾರುತೇಶ. ಕುರೆಕುಪ್ಪದ ಹತ್ತಿರ ಕಾರ್ಖಾನೆಯಲ್ಲಿ ಪಾಳಿ ಕೆಲಸ ಅವನಿಗೆ.

ಗದ್ದೆಯ ಮೂಡಣ ಮೂಲೆಯಲ್ಲಿ ಐದು ಗುಂಡುಕಲ್ಲುಗಳಿವೆ. ಮೂರು ಯಲ್ಲಕ್ಕನ ಕೂಸುಗಳವು, ಎರಡು ಹೊಳೆಮ್ಮನವು. ಎಲ್ಲವೂ ನೋಡಲು ಚೆಂದವಾಗಿಯೇ ಹುಟ್ಟಿದವು. ಕೆಲವು ತಿಂಗಳಾದರೂ ಕತ್ತು ನಿಲ್ಲುತ್ತಿರಲಿಲ್ಲ, ಹಾಲು ನುಂಗಲಾಗುತ್ತಿರಲಿಲ್ಲ, ಹೋಗಿಬಿಡುತ್ತಿದ್ದವು. ಆ ಮೂಲೆಯಲ್ಲಿ ನೆಲೆಸಿದ ದೇವತೆ ಅಮ್ಮ ಜಾಗ ಕೇಳುತ್ತಿದ್ದಾಳೆ ಎಂದು ಪಾಲಯ್ಯ ಪ್ರತಿ ಸಲವೂ ಅಲ್ಲಿ ಇನ್ನೊಂದಿಷ್ಟು ನೆಲವನ್ನು ಉಳದೆ ಬಿಟ್ಟ. ಗದ್ದೆ ಒಡೆಯಬಾರದೆಂದು ಮನೆಯೊಳಗೇ ಮದುವೆ ಮಾಡಿದ, ಹುಟ್ಟಿದ ಕೂಸುಗಳನ್ನು ಹೂತ, ಹೂತಲ್ಲಿ ಗದ್ದೆಯನ್ನೂ ಬಿಟ್ಟ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಗಂಗೋತ್ರಿ ಹೊಸಪೇಟೆಯಲ್ಲಿ ನರ್ಸಿಂಗ್ ಓದುತ್ತಾಳೆ. ನಾಟಿಯ ದಿನ ಮನೆಯವರೆಲ್ಲ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಅವಳು ಮಾತು ತೆಗೆದಳು. ನೀರು ತಿರುಗಿಸಲು ಹೋದ ನಾನೂ ಅಲ್ಲೇ ಇದ್ದೆ.

“ತಾತ, ಕೂಸು ಸಾಯೋದು ಮೂಲಿ ಅಮ್ಮನ ಕಾಟ ಅಲ್ಲ. ರಕ್ತದಾಗ ಒಂದು ದೋಷ ಇರ್ತೈತಿ. ಅಪ್ಪ, ಅವ್ವ ಇಬ್ಬರ ಕಡೀಲಿಂದಾನೂ ಅದಾ ಬಂತಂದ್ರ ಕೂಸಿಗೆ ಪೆಟ್ಟು. ಹತ್ರದ ಸಂಬಂಧದಾಗ ಹಂಗ ಆಗೋದು ಜಾಸ್ತಿ.”

“ನಿಮ್ಮವ್ವ ಬದುಕಿಲ್ಲೇನು? ನೀ ಬದುಕಿಲ್ಲೇನು?” ಪಾಲಯ್ಯ ರೊಟ್ಟಿ ಮುರಿಯುತ್ತ ಕೇಳಿದ.

“ಬದುಕಿದೋರನ್ನ ಎಣಸ್ತಿ, ತಾತ. ಕಲ್ಲು ಎಣಸಂಗಿಲ್ಲ.”

“ಬಾಯಿ ಭಾಳ ಆತು ನಿಂದು. ಹೊರಗಿನವನಿಗೆ ಕೊಟ್ರ ನಾಳೆ ಅವ ಬಂದು ಪಾಲು ಕೇಳ್ತಾನ. ತೋಟಪ್ಪ, ನೀನಾರ ಹೇಳು.”

ತೋಟಪ್ಪ ಎಂದರೆ ನಾನು. “ಹುಡುಗಿ ಹೇಳೋದು ಖರೇ ಐತಿ” ಎಂದೆ. ಅಂದಿನಿಂದ ಪಾಲಯ್ಯ ನನ್ನೊಡನೆ ಮಾತು ಬಿಟ್ಟ. ಹೊಳೆಮ್ಮ ಮಾತ್ರ ಆ ಹೊತ್ತು ಉಣ್ಣುವುದನ್ನು ನಿಲ್ಲಿಸಿ ಮೂಡಣ ಮೂಲೆಯನ್ನೇ ನೋಡುತ್ತಿದ್ದಳು.

ಸುಗ್ಗಿ ಮುಗಿದ ಮೇಲೆ ಮದುವೆಯ ಮಾತು ಕಟ್ಟುವ ಎಲೆ ಅಡಿಕೆ ಶಾಸ್ತ್ರಕ್ಕೆ ದಿನ ನಿಶ್ಚಯವಾಯಿತು. ಮಾತು ಬಿಟ್ಟಿದ್ದರೂ ಕರೆಯುವುದು ಬಿಡಲಿಲ್ಲ, ಹೋದೆ. ಗಂಗೋತ್ರಿಯ ಕಣ್ಣುಗಳು ಊದಿದ್ದವು. ಮಾರುತೇಶ ತಲೆ ತಗ್ಗಿಸಿ ಕುಳಿತಿದ್ದ. ತನ್ನ ಕೈಯಲ್ಲಿ ಆಡಿ ಬೆಳೆದವಳನ್ನು ಮದುವೆಯಾಗಲು ಅವನಿಗೂ ಮನಸ್ಸಿರಲಿಲ್ಲ. ಅಪ್ಪನೆದುರು ಹೇಳುವ ಧೈರ್ಯವೂ ಇರಲಿಲ್ಲ. ಪಾಲಯ್ಯ ಎಲೆ ಅಡಿಕೆಯ ತಟ್ಟೆ ಎತ್ತಿಕೊಂಡಾಗ ಹೊಳೆಮ್ಮ ಬಂದು ಅದರ ಮೇಲೆ ಕೈಯಿಟ್ಟಳು.

“ಯಪ್ಪ, ಈ ಮದುವಿ ಬ್ಯಾಡ. ಗದ್ದಿ ಒಡಿ.”

“ಏನಂದಿ?”

“ನನ್ನ ಪಾಲು ನನಗ ಕೊಡು. ಪಾಲು ಹೊರಗ ಹೋಗ್ತೈತಿ ಅಂತಾನೇ ಅಲ್ಲೇನು ಇಷ್ಟೆಲ್ಲ? ಹೋಗಲಿ. ಅದು ಹೋದ ಮ್ಯಾಲೆ ನನ್ನ ಮಗಳನ್ನ ಹಿಡಕೊಂಡು ಏನು ಮಾಡ್ತಿ?”

“ಹಿರೇರು ಕಾದ ಭೂಮಿ ಅದು.”

“ಕಾದಿದ್ದು ನಾವು ಹೆಣ್ಣುಮಕ್ಕಳು, ಯಪ್ಪ. ನಮ್ಮ ಹೊಟ್ಟೀಲೆ ಕಾದೀವಿ. ನನ್ನ ಪಾಲು ಮೂಡಣ ಮೂಲೀಲಿಂದ ಅಳಿ. ನನ್ನ ಎರಡು ಅಲ್ಲೇ ಅದಾವ.”

ಒಳಗೆ ಬಾಗಿಲ ಹತ್ತಿರ ಕುಳಿತಿದ್ದ ಯಲ್ಲಕ್ಕ, ಗಂಡನ ಮುಂದೆ ಎಂದೂ ದನಿ ಎತ್ತದವಳು, “ಆಕಿ ಕೇಳಿದ್ದು ಕೊಡ್ರಿ” ಎಂದಳು. “ನನ್ನವೂ ಮೂರು ಅದಾವ ಅಲ್ಲಿ.”

ಪಾಲಯ್ಯ ಕೈಲಿದ್ದ ತಟ್ಟೆ ಕೆಳಗಿಟ್ಟ. ಮಾರುತೇಶ ಎದ್ದು ಹೋಗಿ ಗದ್ದೆ ಅಳೆಯುವ ಹಗ್ಗ ತಂದ. ಅದರ ಒಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟ. ಮೊದಲೇ ಈ ಕೆಲಸ ಮಾಡಬೇಕಿತ್ತು ಅವನು, ಆದರೂ ಮಾಡಿದನಲ್ಲ ಎಂದು ನನಗೆ ಸಮಾಧಾನವಾಯಿತು.

ಈಗ ಆ ಗದ್ದೆಯ ನಡುವೆ ಹೊಸ ಬದು ಬಿದ್ದಿದೆ. ಗಂಗೋತ್ರಿ ಹೊಸಪೇಟೆಗೆ ಮರಳಿ ಹೋಗಿ ಓದುತ್ತಿದ್ದಾಳೆ. ಈ ಸಲದ ನಾಟಿಗೆ ಹೊಳೆಮ್ಮ ತಾನೇ ಕೆಸರಿಗಿಳಿದಳು. ಐದು ಕಲ್ಲುಗಳನ್ನು ಅಲುಗಿಸಲಿಲ್ಲ, ತೊಳೆದು ಕುಂಕುಮ ಇಟ್ಟಳು. ಆಮೇಲೆ ಅಪ್ಪ ಉಳದೆ ಬಿಟ್ಟ ನೆಲದಲ್ಲೆಲ್ಲ ಸಸಿ ಊರುತ್ತ ಕಲ್ಲುಗಳ ಬುಡದವರೆಗೂ ಹೋದಳು. ಆರನೆಯ ಕಲ್ಲಿಗೆ ಅಲ್ಲಿ ಜಾಗ ಉಳಿಸಲಿಲ್ಲ.